ಹುಬ್ಬಳ್ಳಿಯ ಟ್ಯಾಕ್ಸಿಗಳಿಗೆ ಚಾರ್ಜಿಂಗ್: ಗಾಡಿ ರಾತ್ರಿ ನಿಲ್ಲುವ ಜಾಗದಿಂದ ಲೆಕ್ಕ ಶುರುವಾಗಲಿ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ 16 ವರ್ಷಗಳಿಂದ ಟ್ಯಾಕ್ಸಿ ನಡೆಸುತ್ತಿದ್ದೇನೆ. ಎರಡು ಡೀಸೆಲ್ ಕಾರುಗಳಿವೆ, ಒಂದನ್ನು ನಾನು, ಇನ್ನೊಂದನ್ನು ನನ್ನ ತಮ್ಮ ಓಡಿಸುತ್ತೇವೆ. ಹಳೆಯ ಕಾರನ್ನು ಮಾರಿ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿದ್ದೇನೆ. ಹಳೇ ಹುಬ್ಬಳ್ಳಿಯ ವಠಾರವೊಂದರಲ್ಲಿ ಬಾಡಿಗೆಗೆ ಇದ್ದೇವೆ, ಗಾಡಿ ರಾತ್ರಿ ರಸ್ತೆಯ ಬದಿಗೇ ನಿಲ್ಲುತ್ತದೆ. ನಮ್ಮ ಸ್ಟ್ಯಾಂಡಿನ ಸಂಘದಲ್ಲಿ 38 ಗಾಡಿಗಳಿವೆ. ಒಂಬತ್ತು ಜನ ಎಲೆಕ್ಟ್ರಿಕ್‌ಗೆ ತಯಾರಿದ್ದಾರೆ, ಉಳಿದವರು ಚಾರ್ಜಿಂಗ್ ಎಲ್ಲಿ ಎಂದು ಕೇಳುತ್ತಾರೆ. ಒಂದು ದೊಡ್ಡ ಫಾಸ್ಟ್ ಚಾರ್ಜರ್ ಹಾಕಿಸಿಕೊಡಿ ಎಂದು ಮಹಾನಗರ ಪಾಲಿಕೆಗೆ ಅರ್ಜಿ ಕೊಡುವ ಮಾತು ನಡೆದಿದೆ. ಆದರೆ ಮಳೆಯಲ್ಲಿ ಚಾರ್ಜ್ ಮಾಡಿದರೆ ಶಾಕ್ ಹೊಡೆಯುತ್ತದೆ, ಟ್ಯಾಕ್ಸಿಯಲ್ಲಿ ಬ್ಯಾಟರಿ ಮೂರೇ ವರ್ಷಕ್ಕೆ ಹೋಗುತ್ತದೆ, ನಾಲ್ಕು ಗಾಡಿ ಒಟ್ಟಿಗೆ ಹಚ್ಚಿದರೆ ಓಣಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ ಎಂದೆಲ್ಲ ಹೇಳುತ್ತಾರೆ. ಇದರಲ್ಲಿ ನಿಜವೆಷ್ಟು? ಅರ್ಜಿಯಲ್ಲಿ ನಾವು ಏನನ್ನು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಭಯದ ಮೂರು ಸಂಗತಿಗಳಿವೆ, ಅವುಗಳಿಗೆ ಮುಂದೆ ಒಂದೊಂದಾಗಿ ಉತ್ತರಿಸುತ್ತೇನೆ. ಆದರೆ ನನ್ನ ಗಮನ ಹೆಚ್ಚು ನಿಂತದ್ದು ನೀವು ನಡುವೆ ಹೇಳಿಹೋದ ಒಂದು ಮಾತಿನ ಮೇಲೆ, ಅಂದರೆ ಗಾಡಿ ರಾತ್ರಿ ರಸ್ತೆಯ ಬದಿಗೆ ನಿಲ್ಲುತ್ತದೆ ಎಂಬುದರ ಮೇಲೆ. ವಿದ್ಯುತ್ ವಿತರಣೆಯ ಕೆಲಸದಲ್ಲಿ ಹಲವು ವರ್ಷ ಕಳೆದು, ಈಚೆಗೆ ಚಾರ್ಜಿಂಗ್ ಜಾಗಗಳ ಜೋಡಣೆಯನ್ನೇ ನೋಡಿಕೊಳ್ಳುತ್ತಿರುವ ನನಗೆ ಮತ್ತೆ ಮತ್ತೆ ಕಂಡಿರುವುದೆಂದರೆ, ಟ್ಯಾಕ್ಸಿಯವರು ಎಲೆಕ್ಟ್ರಿಕ್‌ಗೆ ಬರುವುದೂ ಬಿಡುವುದೂ ಅವರ ಗಾಡಿ ರಾತ್ರಿ ಎಂಟು ಗಂಟೆ ಎಲ್ಲಿ ನಿಲ್ಲುತ್ತದೆ, ಅಲ್ಲಿ ಒಂದು ಸಾಧಾರಣ ಚಾರ್ಜಿಂಗ್ ಪಾಯಿಂಟ್ ಇದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ. ದೊಡ್ಡ ಫಾಸ್ಟ್ ಚಾರ್ಜರ್ ಬೇಕು ನಿಜ. ಆದರೆ ಅದೊಂದನ್ನೇ ಕೇಳಿ ಅರ್ಜಿ ಮುಗಿಸಿದರೆ, ಒಂಬತ್ತು ಜನರಲ್ಲಿ ನಾಲ್ಕು ಜನ ಆರು ತಿಂಗಳೊಳಗೆ ಬೇಸತ್ತು ಹಳೆಯ ಗಾಡಿಗೆ ಮರಳುವ ಸಂಭವವಿದೆ ಎಂಬುದು ನನ್ನ ಕಳವಳ.

ಮೊದಲು ಮಳೆಯ ಮಾತು. ಚಾರ್ಜಿಂಗ್ ಗನ್ನಿನಲ್ಲಿ ಸದಾಕಾಲ ಕರೆಂಟ್ ಇರುವುದಿಲ್ಲ. ಗನ್ನನ್ನು ಕಾರಿಗೆ ಪೂರ್ತಿ ಕೂರಿಸಿದ ಮೇಲೆ ಕಾರು ಮತ್ತು ಯಂತ್ರ ಒಂದಕ್ಕೊಂದು ಸಂಕೇತ ಕಳಿಸಿಕೊಂಡು, ಭೂಸಂಪರ್ಕ (ಅರ್ಥಿಂಗ್) ಸರಿಯಿದೆ, ಬೀಗ ಬಿದ್ದಿದೆ ಎಂದು ಖಚಿತವಾದ ನಂತರವೇ ವಿದ್ಯುತ್ ಹರಿಯುತ್ತದೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುವ ರಕ್ಷಣಾ ಸಾಧನವೂ ಇರುತ್ತದೆ. ಆದ್ದರಿಂದ ಐಎಸ್ 17017 ಎಂಬ ಭಾರತೀಯ ಮಾನಕದಂತೆ ಕೂರಿಸಿದ ಪಾಯಿಂಟಿನಲ್ಲಿ ಮಳೆಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬೇರೆ ಇದೆ. ಕಿಟಕಿಯಿಂದ ಹೊರಗೆ ಎಳೆದ ತೆಳುವಾದ ಎಕ್ಸ್‌ಟೆನ್ಶನ್ ವೈರಿಗೆ, ಅಡುಗೆಮನೆಯ ಹಳೆಯ ಸಾಕೆಟ್ಟಿಗೆ ಕಾರು ಹಚ್ಚುವುದು. ಮಿಕ್ಸರ್ ಹತ್ತು ನಿಮಿಷ ಓಡುತ್ತದೆ, ಕಾರು ಎಂಟು ಗಂಟೆ ಬಿಡದೆ 15 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ ಆ ಎಂಟು ಗಂಟೆಯಲ್ಲಿ ಸಾಕೆಟ್ಟನ್ನು ಕರಗಿಸಬಲ್ಲದು, ಹಾಗೆ ಕರಗಿದ ಸಾಕೆಟ್ಟುಗಳನ್ನು ನಾನು ಕೈಯಾರೆ ಬಿಚ್ಚಿ ತೆಗೆದಿದ್ದೇನೆ.

ಭೂಸಂಪರ್ಕದ ವಿಷಯದಲ್ಲಿ ನಮ್ಮ ನೆಲಕ್ಕೇ ಸೇರಿದ ಒಂದು ತೊಡಕಿದೆ, ಅದನ್ನು ಹೊರಗಿನಿಂದ ಬರುವ ಗುತ್ತಿಗೆದಾರರು ಬಹಳ ಸಲ ಮರೆಯುತ್ತಾರೆ. ಹುಬ್ಬಳ್ಳಿಯ ಪೂರ್ವಕ್ಕೆ, ಅಣ್ಣಿಗೇರಿ, ಗದಗದವರೆಗೂ ಎರೆ ಭೂಮಿ. ಹಸಿಯಾಗಿದ್ದಾಗ ಎರೆಯು ವಿದ್ಯುತ್ತನ್ನು ಚೆನ್ನಾಗಿ ನೆಲಕ್ಕಿಳಿಸುತ್ತದೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ ಬಿರುಕು ಬಿಟ್ಟು ಅರ್ಥಿಂಗ್ ಕೊಳವೆಯಿಂದ ದೂರ ಸರಿಯುತ್ತದೆ. ಆಗಸ್ಟಿನಲ್ಲಿ ಅಳೆದು ಸರಿ ಎಂದು ಬರೆದುಕೊಂಡ ಅರ್ಥಿಂಗ್ ಮೇ ತಿಂಗಳಲ್ಲಿ ಕೈಕೊಡುವುದು ಹೀಗೆ. ಆಗ ಚಾರ್ಜರ್ ತಾನೇ ಕೆಲಸ ನಿಲ್ಲಿಸಿ ‘ದೋಷ’ ಎಂದು ತೋರಿಸುತ್ತದೆ, ಚಾಲಕರು ಯಂತ್ರ ಕೆಟ್ಟಿದೆ ಎಂದುಕೊಂಡು ಬೈದುಕೊಳ್ಳುತ್ತ ಹೋಗುತ್ತಾರೆ. ಧಾರವಾಡದ ಕೆಂಪು ಮಸಾರಿ ನೆಲದಲ್ಲಿ ಬಿರುಕಿನ ಕಾಟ ಕಡಿಮೆ, ಆದರೆ ಗಟ್ಟಿ ಮೊರಂ ಬೇಗ ಸಿಗುವುದರಿಂದ ಕೊಳವೆಯನ್ನು ಆಳಕ್ಕೆ ಇಳಿಸುವುದೇ ಅಲ್ಲಿ ಕಷ್ಟ.

ಇನ್ನು ಬ್ಯಾಟರಿಯ ಮೂರು ವರ್ಷದ ಮಾತು. ಈ ಮಾತು ಎಲ್ಲಿಂದ ಹುಟ್ಟಿರಬಹುದೆಂದು ನನಗೆ ತೋಚುವುದು ಹೀಗೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. ಮನೆಯ ಕಾರಿಗೆ 8 ವರ್ಷವೇ ಮೊದಲು ಬರುತ್ತದೆ. ಟ್ಯಾಕ್ಸಿ ದಿನಕ್ಕೆ 160 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೆ 48,000 ಕಿಲೋಮೀಟರ್, ಅಂದರೆ 1.6 ಲಕ್ಷ ಮುಟ್ಟಲು ಮೂರು ವರ್ಷ ನಾಲ್ಕು ತಿಂಗಳು ಸಾಕು. ಅಂದು ಮುಗಿಯುವುದು ವಾರಂಟಿಯೇ ಹೊರತು ಬ್ಯಾಟರಿಯಲ್ಲ, ಬ್ಯಾಟರಿಯ ಶಕ್ತಿ ನಿಧಾನವಾಗಿ ಇಳಿಯುತ್ತದೆ, ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಸತ್ತಿರುವಂಥದ್ದಲ್ಲ. ಆದರೂ ನಿಮಗೆ ಒಂದು ನಿಜವಾದ ಅಪಾಯವಿದೆ, ಅದನ್ನು ಮಾರಾಟಗಾರರು ಹೇಳುವುದಿಲ್ಲ. ಸಾಲ ಐದು ವರ್ಷದ್ದಾದರೆ, ವಾರಂಟಿ ಮುಗಿದ ಮೇಲೂ ಒಂದೂವರೆ ವರ್ಷದಷ್ಟು ಕಂತು ಉಳಿದಿರುತ್ತದೆ. ಆದ್ದರಿಂದ ಟ್ಯಾಕ್ಸಿಯಾಗಿ ನೋಂದಾಯಿಸಿದ ಗಾಡಿಗೆ ವಾರಂಟಿ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಖಾಸಗಿ ಕಾರಿನ ಕರಪತ್ರವನ್ನು ನಂಬಬೇಡಿ. ಸಾಧ್ಯವಾದರೆ ಸಾಲವನ್ನು ನಾಲ್ಕು ವರ್ಷಕ್ಕೆ ಇಳಿಸಿಕೊಳ್ಳಿ.

ಬ್ಯಾಟರಿಗೆ ಹಾನಿ ಮಾಡುವುದು ಶಾಖ. ದಿನವೂ ಮಧ್ಯಾಹ್ನದ ಬಿಸಿಲಲ್ಲಿ ಕಾದ ಗಾಡಿಯನ್ನು ಫಾಸ್ಟ್ ಚಾರ್ಜರಿಗೆ ಹಚ್ಚಿ, ಶೇಕಡಾ 100 ತೋರಿಸುವವರೆಗೂ ಬಿಡದಿರುವುದು ಅದರ ಆಯುಷ್ಯವನ್ನು ತಗ್ಗಿಸುತ್ತದೆ. 80ರ ನಂತರ ಬ್ಯಾಟರಿಯೇ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುವುದರಿಂದ ಕೊನೆಯ ಆ ಭಾಗಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಹಿಂದೆ ನಿಂತವರ ಪಾಳಿಯೂ ತಡವಾಗುತ್ತದೆ. ರಾತ್ರಿಯ ನಿಧಾನ ಚಾರ್ಜಿಂಗ್ ಬ್ಯಾಟರಿಗೂ ಹಿತ.

ಟಿಸಿ ಸುಡುವ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಓಣಿಗಳಲ್ಲಿ ಸಾಮಾನ್ಯವಾಗಿ 63, 100 ಅಥವಾ 250 ಕೆವಿಎ ಸಾಮರ್ಥ್ಯದ ಟಿಸಿಗಳಿರುತ್ತವೆ. ಸಂಜೆ ಆರರಿಂದ ಹತ್ತರವರೆಗೆ ದೀಪ, ಟಿವಿ, ಪಂಪು ಎಲ್ಲ ಸೇರಿ ಅವು ತುಂಬಿಯೇ ಇರುತ್ತವೆ. ಆ ಹೊತ್ತಿನಲ್ಲಿ ಯಾರಿಗೂ ತಿಳಿಸದೆ ಹತ್ತು ಕಾರು ಹಚ್ಚಿದರೆ, ಅದೂ ಹತ್ತೂ ಒಂದೇ ಫೇಸಿನ ಮೇಲೆ ಬಿದ್ದರೆ, ಫ್ಯೂಸ್ ಹೋಗುತ್ತದೆ. ಅದೇ ಹತ್ತು ಕಾರುಗಳನ್ನು ಮೂರು ಫೇಸಿಗೆ ಹಂಚಿ ರಾತ್ರಿ ಹನ್ನೊಂದರ ನಂತರ ಹಚ್ಚಿದರೆ, ಮಲಗಿದ ಊರಿನ ಬಿಡುವಾದ ಟಿಸಿ ಅದನ್ನು ಸಲೀಸಾಗಿ ಹೊರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗದಗದ ಕಡೆ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ನಡುರಾತ್ರಿಯೂ ವಿದ್ಯುತ್ ಕೊಡುತ್ತಿರುತ್ತವೆ, ಆ ಹೊತ್ತಿಗೆ ಅದನ್ನು ಬಳಸುವವರು ಇರುವುದು ಜಾಲಕ್ಕೂ ಒಳ್ಳೆಯದೇ.

ಈಗ ಅರ್ಜಿಯ ತಿರುಳಿಗೆ ಬರೋಣ. ನಿಮ್ಮ ಸಂಘ ಕೇಳಬೇಕೆಂದಿರುವ ದೊಡ್ಡ ಫಾಸ್ಟ್ ಚಾರ್ಜರ್ 60 ಕಿಲೋವ್ಯಾಟಿನದು ಎಂದಿಟ್ಟುಕೊಂಡರೆ, ಅದು ಮೂರೂ ಫೇಸಿನಿಂದ ತಲಾ 90 ಆಂಪಿಯರ್‌ನಷ್ಟು ಎಳೆಯುತ್ತದೆ. ಅದಕ್ಕೆ ಎರಡು ಗನ್ ಇದ್ದರೆ ಒಂದು ಸಲಕ್ಕೆ ಎರಡು ಗಾಡಿ. ಟ್ಯಾಕ್ಸಿ ದರ್ಜೆಯ, 26 ಯುನಿಟ್ಟಿನ ಬ್ಯಾಟರಿಯುಳ್ಳ ಕಾರು ಗಂಟೆಗೆ 20ರಿಂದ 25 ಯುನಿಟ್ ವೇಗಕ್ಕಿಂತ ಹೆಚ್ಚು ನುಂಗಲಾರದು. ಯಂತ್ರ ಎಷ್ಟೇ ದೊಡ್ಡದಿದ್ದರೂ ಬಾಯಿ ಸಣ್ಣದಿರುವುದರಿಂದ 80ರವರೆಗೆ ತುಂಬಲು ಸುಮಾರು ಒಂದು ಗಂಟೆ ಬೇಕೇ ಬೇಕು. ಟ್ಯಾಕ್ಸಿಯವರಿಗೆಲ್ಲ ಬಿಡುವಾಗುವುದು ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ. ಗನ್ ಬದಲಿಸಿ ಗಾಡಿ ಸರಿಸುವ ಹತ್ತು ನಿಮಿಷವನ್ನೂ ಸೇರಿಸಿದರೆ ಆ ಮೂರು ಗಂಟೆಯಲ್ಲಿ ಎರಡು ಗನ್ನುಗಳಿಂದ ನಾಲ್ಕು ಗಾಡಿಗಳು ತುಂಬುತ್ತವೆ. ನಿಮ್ಮ ಒಂಬತ್ತರಲ್ಲಿ ಉಳಿದ ಐದು ಜನ ಸಂಜೆಯ ರೈಲಿನ ಬಾಡಿಗೆ ಬಿಟ್ಟು ಪಾಳಿಯಲ್ಲಿ ನಿಲ್ಲಬೇಕು. ಇದೂ ಹೊರಗಿನ ಒಬ್ಬ ಖಾಸಗಿ ಕಾರಿನವರೂ ಬರಲಿಲ್ಲ ಎಂದಿಟ್ಟುಕೊಂಡು ಹೇಳಿದ್ದು.

ಅಷ್ಟೇ ವಿದ್ಯುತ್ ಹೊರೆಯಲ್ಲಿ ಇನ್ನೊಂದು ಬಗೆಯಿದೆ. 3.3 ಕಿಲೋವ್ಯಾಟಿನ ಇಪ್ಪತ್ತು ನಿಧಾನ ಪಾಯಿಂಟುಗಳನ್ನು ಒಂದು ಗಾಡಿ ಅಡ್ಡೆಯಲ್ಲಿ ಸಾಲಾಗಿ ಹಾಕಿದರೆ ಒಟ್ಟು 66 ಕಿಲೋವ್ಯಾಟ್ ಆಗುತ್ತದೆ. ದಿನಕ್ಕೆ 160 ಕಿಲೋಮೀಟರ್ ಓಡಿದ ಗಾಡಿಗೆ, ಯುನಿಟ್ಟಿಗೆ 7 ಕಿಲೋಮೀಟರಿನಂತೆ 23 ಯುನಿಟ್, ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿ ಮೀಟರಿನಲ್ಲಿ 25 ಯುನಿಟ್ ಬೇಕು. ಅದು ಏಳೂವರೆ ಗಂಟೆಯಲ್ಲಿ ತುಂಬುತ್ತದೆ. ರಾತ್ರಿ ಹನ್ನೊಂದಕ್ಕೆ ಹಚ್ಚಿ ಮಲಗಿದರೆ ಬೆಳಗ್ಗೆ ಏಳಕ್ಕೆ ಇಪ್ಪತ್ತೂ ಗಾಡಿಗಳು ತಯಾರು, ಯಾರೂ ಪಾಳಿಯಲ್ಲಿ ನಿಲ್ಲಬೇಕಾಗಿಲ್ಲ. ಫಾಸ್ಟ್ ಚಾರ್ಜರ್ ಆಗ ಮಧ್ಯಾಹ್ನದ ಇಪ್ಪತ್ತು ನಿಮಿಷದ ಸಣ್ಣ ತುಂಬಿಕೆಗೆ, ಅನಿರೀಕ್ಷಿತವಾಗಿ ಬಂದ ಬೆಳಗಾವಿಯ ಬಾಡಿಗೆಗೆ ಒದಗುತ್ತದೆ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಡೀಸೆಲ್ ಲೀಟರಿಗೆ 90 ರೂಪಾಯಿ, ಮೈಲೇಜು 17 ಎಂದು ಹಿಡಿದರೆ 160 ಕಿಲೋಮೀಟರಿಗೆ ಸುಮಾರು 850 ರೂಪಾಯಿ. ಸ್ವಂತ ವ್ಯವಸ್ಥೆಯ ನಿಧಾನ ಪಾಯಿಂಟಿನಲ್ಲಿ ಎಲ್ಲ ಸೇರಿ ಯುನಿಟ್ಟಿಗೆ 8 ರೂಪಾಯಿ ಬಿದ್ದರೆ 200 ರೂಪಾಯಿ. ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ಗಾಡಿಗೆ ಇಳಿದ 23 ಯುನಿಟ್ಟಿಗೆ 20 ರೂಪಾಯಿಯಂತೆ ಕೊಟ್ಟರೆ 460 ರೂಪಾಯಿ. ಈ ದರಗಳು ಲೆಕ್ಕಕ್ಕಾಗಿ ನಾನು ಹಿಡಿದವು, ನಿಮ್ಮ ದಿನದ ದರ ಹಾಕಿ ಮತ್ತೆ ಕೂಡಿಸಿ ನೋಡಿ. ಪೂರ್ತಿ ಫಾಸ್ಟ್ ಚಾರ್ಜಿಂಗನ್ನೇ ನಂಬಿದವರಿಗೆ ಉಳಿತಾಯ ದಿನಕ್ಕೆ 650ರಿಂದ 390ಕ್ಕೆ ಇಳಿಯುತ್ತದೆ, ಪಾಳಿಯಲ್ಲಿ ಒಂದು ಬಾಡಿಗೆ ತಪ್ಪಿದರೆ ಅದೂ ಹೋಯಿತು.

ಹಾಗಾದರೆ ನಿಮ್ಮ ಎದುರಿನ ದಾರಿಗಳೇನು? ಮನೆಯಲ್ಲೇ ಚಾರ್ಜ್ ಮಾಡುವುದು ಎಲ್ಲಕ್ಕಿಂತ ಅಗ್ಗವೆಂದು ಕಂಡರೂ ವಠಾರದಲ್ಲಿ ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು, ಗಾಡಿ ನಿಲ್ಲಲು ಅಂಗಳ ಬೇಕು, ಮಂಜೂರಾದ ಲೋಡ್ ಹೆಚ್ಚಿಸಬೇಕು. ರಸ್ತೆಯ ಮೇಲೆ ವೈರು ಹಾಯಿಸುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ, ನಡೆದಾಡುವ ಮಗುವೊಂದು ಎಡವಿದರೆ ಆಗುವ ಅನಾಹುತಕ್ಕೆ ಬೆಲೆ ಕಟ್ಟಲಾಗದು. ಇದರ ಜೊತೆಗೆ ಗೃಹಜ್ಯೋತಿಯ ವಿಷಯವನ್ನೂ ನೆನಪಿಡಬೇಕು. 2023ರಿಂದ ನಡೆದಿರುವ ಈ ಯೋಜನೆಯಲ್ಲಿ ಬಳಕೆ ತಿಂಗಳಿಗೆ 200 ಯುನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಟ್ಯಾಕ್ಸಿಯೊಂದೇ ತಿಂಗಳಿಗೆ ಸುಮಾರು 625 ಯುನಿಟ್ ಬಳಸುತ್ತದೆ. ಮನೆಯ ಮೀಟರಿಗೆ ಗಾಡಿ ಹಚ್ಚಿದ ದಿನವೇ ಮನೆಯವರಿಗೆ ಸಿಗುತ್ತಿದ್ದ ಸೌಲಭ್ಯ ಕೈತಪ್ಪಿದಂತೆ. ಅಂಗಳ ಇರುವ ಸದಸ್ಯರು ವಿದ್ಯುತ್ ವಿತರಣಾ ಕಂಪನಿಯಾದ ಹೆಸ್ಕಾಂನಲ್ಲಿ ಗಾಡಿಗೆಂದೇ ಪ್ರತ್ಯೇಕ ಮೀಟರ್ ಕೇಳಲಿ. ಎಲೆಕ್ಟ್ರಿಕ್ ವಾಹನ ಚಾರ್ಜಿಂಗಿಗೆ ರಾಜ್ಯದಲ್ಲಿ ಬೇರೆಯೇ ದರದ ವರ್ಗವಿದೆ.

ನಾನು ನಿಮ್ಮ ಸಂಘಕ್ಕೆ ಹೆಚ್ಚು ಒಪ್ಪುವುದೆಂದು ಭಾವಿಸುವ ದಾರಿ, ಹತ್ತಾರು ಗಾಡಿ ನಿಲ್ಲಬಲ್ಲ ಒಂದು ಖಾಲಿ ಜಾಗವನ್ನು ಒಟ್ಟಾಗಿ ಹಿಡಿದು ಅಲ್ಲಿ ಮೊದಲಿಗೆ ಹತ್ತು ನಿಧಾನ ಪಾಯಿಂಟುಗಳನ್ನು ಹಾಕಿಸುವುದು. ಚಾರ್ಜಿಂಗ್ ಎನ್ನುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿರುವುದರಿಂದ ಇದಕ್ಕೆ ವಿದ್ಯುತ್ ಲೈಸೆನ್ಸ್ ಬೇಕಿಲ್ಲ, ಸಂಘವೊಂದು ಇದನ್ನು ನಡೆಸಬಹುದು. ಸರ್ಕಾರಿ ಜಾಗವನ್ನು ಚಾರ್ಜಿಂಗಿಗಾಗಿ ಯುನಿಟ್ಟಿಗೆ 1 ರೂಪಾಯಿಯ ಆದಾಯ ಹಂಚಿಕೆಯ ಮೇಲೆ ಸರ್ಕಾರಿ ಸಂಸ್ಥೆಗಳಿಗೆ ಕೊಡುವ, ಖಾಸಗಿಯವರಿಗೆ ಅದೇ ಕನಿಷ್ಠ ದರದಿಂದ ಹರಾಜು ಹಾಕುವ ಮಾದರಿಯನ್ನು 2022ರ ಮಾರ್ಗಸೂಚಿ ಮುಂದಿಟ್ಟಿತು. ಪಾಲಿಕೆಯ ಮುಂದೆ ಹೋಗುವಾಗ ಈ ಮಾತು ನಿಮ್ಮ ಕೈಯಲ್ಲಿರಲಿ. ಅಪಾಯಗಳೂ ಇವೆ. ಗಾಡಿ ಬರಲಿ ಬಿಡಲಿ, ತಿಂಗಳ ನಿಗದಿತ ಶುಲ್ಕ ತಪ್ಪುವುದಿಲ್ಲ. ಒಂಬತ್ತರಲ್ಲಿ ಮೂರು ಜನ ಹಿಂದೆ ಸರಿದರೆ ಉಳಿದ ಆರು ಜನರ ಮೇಲೆ ಭಾರ ಬೀಳುತ್ತದೆ. ಅದಕ್ಕಾಗಿ ಮೊದಲೇ ತಲಾ ಒಂದು ವರ್ಷದ ಒಪ್ಪಂದ ಬರೆಸಿಕೊಳ್ಳಿ, ಪ್ರತಿ ಪಾಯಿಂಟಿಗೂ ಉಪಮೀಟರ್ ಇರಲಿ, ಇಲ್ಲದಿದ್ದರೆ ಯಾರು ಎಷ್ಟು ಬಳಸಿದರು ಎಂಬ ಜಗಳದಲ್ಲೇ ಸಂಘ ಒಡೆಯುತ್ತದೆ. ಲೈನಿನ ತುದಿಯಲ್ಲಿರುವ ಜಾಗ ಅಗ್ಗವಾಗಿ ಸಿಕ್ಕರೂ ಒಪ್ಪುವ ಮುನ್ನ ಒಂದು ಸಂಜೆ ವೋಲ್ಟೇಜ್ ಅಳೆಸಿ. 230 ಇರಬೇಕಾದಲ್ಲಿ 190 ಇದ್ದರೆ ಏಳೂವರೆ ಗಂಟೆಯ ಕೆಲಸ ಒಂಬತ್ತು ಗಂಟೆಗೆ ಹೋಗುತ್ತದೆ, ಬೆಳಗಿನ ಮೊದಲ ಬಾಡಿಗೆ ತಪ್ಪುತ್ತದೆ.

ಎರಡನೆಯ ಕಾರನ್ನು ಈಗಲೇ ಮಾರಬೇಡಿ ಎಂಬುದು ನನ್ನ ಸಲಹೆ. ಹುಬ್ಬಳ್ಳಿ, ಧಾರವಾಡದ ನಡುವಿನ 20 ಕಿಲೋಮೀಟರಿನ ಓಡಾಟಕ್ಕೂ, ಸುಮಾರು 58 ಕಿಲೋಮೀಟರ್ ದೂರದ ಗದಗಕ್ಕೆ ಹೋಗಿ ಬರುವುದಕ್ಕೂ ಸಣ್ಣ ಬ್ಯಾಟರಿಯ ಕಾರು ಸಾಲುತ್ತದೆ. ಹಾವೇರಿಗೆ ಹೋಗಿ ಬಂದರೆ ಸುಮಾರು 150 ಕಿಲೋಮೀಟರ್, ಹೆದ್ದಾರಿಯ ವೇಗದಲ್ಲಿ ಎಸಿ ಹಾಕಿಕೊಂಡು ಅದು ಅಂಚಿನ ಲೆಕ್ಕ. ಗೋವಾ, ಬೆಂಗಳೂರಿನ ಬಾಡಿಗೆಗೆ ಸದ್ಯ ನಿಮ್ಮ ತಮ್ಮನ ಡೀಸೆಲ್ ಗಾಡಿಯೇ ಇರಲಿ. ಎಲೆಕ್ಟ್ರಿಕ್ ಟ್ಯಾಕ್ಸಿಗೆ 2018ರ ಕೇಂದ್ರ ಅಧಿಸೂಚನೆಯಂತೆ ಪರ್ಮಿಟ್‌ನಿಂದ ವಿನಾಯಿತಿ ಇದೆ. ಆದರೆ ಎಲೆಕ್ಟ್ರಿಕ್ ವಾಹನಗಳಿಗೆಂದು ಕೇಂದ್ರ ತಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಕಾರುಗಳಿಗೆ ಸಹಾಯಧನವಿಲ್ಲ. ಹಿಂದಿನ ಫೇಮ್ ಯೋಜನೆಯ ನೆನಪಿನಲ್ಲಿ ಯಾರಾದರೂ ಕಾರಿಗೆ ಸಬ್ಸಿಡಿ ಕೊಡಿಸುತ್ತೇನೆಂದು ಮುಂಗಡ ಕೇಳಿದರೆ ಕೊಡಬೇಡಿ. ಪಿಎಂ ಇ-ಡ್ರೈವ್‌ನಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದು 2,000 ಕೋಟಿ ರೂಪಾಯಿ ಇಟ್ಟಿದ್ದಾರೆ, ಪಾಲಿಕೆಗೆ ಅದನ್ನು ನೆನಪಿಸುವುದು ಉಪಯುಕ್ತ.

ಜಾಗಗಳ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಎರಡು ಗನ್ನಿನ ಫಾಸ್ಟ್ ಚಾರ್ಜರ್‌ಗಳು ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಬಳಿ ಒಂದು, ಗೋಕುಲ ರಸ್ತೆಯಲ್ಲಿ ಹೊಸ ಬಸ್ ನಿಲ್ದಾಣ ಮತ್ತು ವಿಮಾನ ನಿಲ್ದಾಣ ಎರಡಕ್ಕೂ ಅನುಕೂಲವಾಗುವಂತೆ ಒಂದು, ಧಾರವಾಡದಲ್ಲಿ ಒಂದು ಇರಲಿ. ಹಾಗಿದ್ದರೆ ಅವಳಿ ನಗರದ ಯಾವ ಬಾಡಿಗೆಯೂ ಚಾರ್ಜರಿನಿಂದ ಬಹಳ ದೂರ ಹೋಗುವುದಿಲ್ಲ. ಊರ ಹೊರಗಿನ ಬೈಪಾಸಿನಲ್ಲಿ ಜಾಗ ಸುಲಭವಾಗಿ ಸಿಗುತ್ತದೆಂದು ಅಲ್ಲಿ ಹಾಕಿದರೆ ಅದು ಪುಣೆ, ಬೆಂಗಳೂರಿನ ನಡುವೆ ಓಡುವವರಿಗೆ ಅನುಕೂಲವೇ ಹೊರತು ನಿಮಗಲ್ಲ. ಖಾಲಿ ಗಾಡಿ ಓಡಿಸಿಕೊಂಡು ಎಂಟು ಕಿಲೋಮೀಟರ್ ಹೋಗಿ ಬರುವುದಕ್ಕೆ ಯಾರೂ ಹಣ ಕೊಡುವುದಿಲ್ಲ. ಉಣಕಲ್ ನಾಲಾದ ಆಸುಪಾಸಿನ ತಗ್ಗಿನಲ್ಲಿ ಜಾಗ ತೋರಿಸಿದರೆ ಎತ್ತರದ ಕಟ್ಟೆ ಕಟ್ಟಿಸದೆ ಯಂತ್ರ ಕೂರಿಸಲು ಬಿಡಬೇಡಿ.

ಪಾಯಿಂಟ್ ಹಾಕುವುದಷ್ಟೇ ಸಾಲದು, ಕೆಲವನ್ನಾದರೂ ಟ್ಯಾಕ್ಸಿಗೆಂದೇ ಮೀಸಲಿಡಬೇಕು. ಲಂಡನ್ನಿನಲ್ಲಿ 2018ರಿಂದ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿಗಳು ಹೊಗೆಯಿಲ್ಲದೆ ಓಡಬಲ್ಲವಾಗಿರಬೇಕೆಂಬ ನಿಯಮ ತಂದಾಗ, ಅಲ್ಲಿನ ಸಾರಿಗೆ ಆಡಳಿತ ತಾನು ಹಾಕಿಸಿದ ಫಾಸ್ಟ್ ಚಾರ್ಜರುಗಳಲ್ಲಿ ಕೆಲವನ್ನು ಟ್ಯಾಕ್ಸಿಗಳಿಗಷ್ಟೇ ಬಿಟ್ಟಿತು. ದುಡಿಮೆಯ ಗಾಡಿಗೂ ಸಂತೆಗೆ ಬಂದ ಗಾಡಿಗೂ ಕಾಯುವ ಒಂದು ಗಂಟೆಯ ಬೆಲೆ ಒಂದೇ ಅಲ್ಲ. ನಮ್ಮ ಊರಿನಲ್ಲಿ ಇನ್ನೂ ಒಂದು ಕಾಟವನ್ನು ನೋಡುತ್ತೇವೆ, ಚಾರ್ಜಿಂಗ್ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸಿ ಹೋಗುವವರು. ಅಲ್ಲಿ ನಿಲುಗಡೆ ನಿಷೇಧವನ್ನು ಪಾಲಿಕೆ ಮತ್ತು ಸಂಚಾರ ಪೊಲೀಸರು ಜಂಟಿಯಾಗಿ ಜಾರಿ ಮಾಡಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಕೆಟ್ಟ ಯಂತ್ರವನ್ನು ಎಷ್ಟು ಗಂಟೆಯೊಳಗೆ ಸರಿಪಡಿಸಬೇಕು, ಮಾಡದಿದ್ದರೆ ಗುತ್ತಿಗೆದಾರರಿಗೆ ದಂಡವೆಷ್ಟು ಎಂಬುದೂ ಟೆಂಡರಿನಲ್ಲಿ ಇರಲಿ. ಉದ್ಘಾಟನೆಯ ರಿಬ್ಬನ್ ಬಣ್ಣ ಮಾಸುವ ಮೊದಲೇ ಪರದೆ ಕಪ್ಪಾಗಿ ನಿಂತ ಯಂತ್ರಗಳನ್ನು ನಾನು ಸಾಕಷ್ಟು ನೋಡಿದ್ದೇನೆ, ಅವುಗಳ ಮುಂದೆ ಶೇಕಡಾ 6ರ ಬ್ಯಾಟರಿಯಲ್ಲಿ ನಿಂತ ಚಾಲಕರ ಮುಖವನ್ನೂ ನೋಡಿದ್ದೇನೆ.

ಅರ್ಜಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ಒಂಬತ್ತೂ ಜನ ಹದಿನೈದು ದಿನ ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ: ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಹೊತ್ತಿಗೆ ಎಲ್ಲಿ ಗಾಡಿ ಖಾಲಿ ನಿಂತಿತ್ತು, ರಾತ್ರಿ ಎಲ್ಲಿ ನಿಲ್ಲಿಸಿದರು, 150 ಕಿಲೋಮೀಟರ್ ದಾಟಿದ ದಿನಗಳೆಷ್ಟು. ಆ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ, ಒಂದು ಪ್ರತಿಯನ್ನು ನವನಗರದ ಹೆಸ್ಕಾಂ ಕಚೇರಿಗೂ ಕೊಡಿ. ಯಾವ ಟಿಸಿಯ ಮೇಲೆ ಎಷ್ಟು ಜಾಗವಿದೆ ಎಂದು ಹೇಳಬೇಕಾದವರು ಅವರೇ. ಪಾಯಿಂಟುಗಳು ಬಂದ ಮೇಲೆ ಗುತ್ತಿಗೆದಾರರು ಕೊಡುವ ಅರ್ಥಿಂಗ್ ಪರೀಕ್ಷೆಯ ಕಾಗದದ ಮೇಲೆ ದಿನಾಂಕ ನೋಡಿ. ಅದು ಮಳೆಗಾಲದ್ದಾಗಿದ್ದರೆ, ಮೇ ತಿಂಗಳಲ್ಲಿ ನೆಲ ಬಿರುಕು ಬಿಟ್ಟಿರುವಾಗ ಇನ್ನೊಮ್ಮೆ ಅಳೆದು ತೋರಿಸಿದ ಮೇಲೆಯೇ ಕೊನೆಯ ಕಂತಿನ ಹಣ ಬಿಡುಗಡೆಯಾಗಲಿ ಎಂದು ಒಪ್ಪಂದದಲ್ಲಿ ಸೇರಿಸಿ.